ಮೂರು ವಾರಕ್ಕೇ ಬೆಲ್ಲದ ಕಾಫಿ ಬೇಡ

ಸ್ಲೀವ್ ಆಪರೇಷನ್ (ತೂಕ ಇಳಿಸಲು ಹೊಟ್ಟೆಯ ಹೆಚ್ಚಿನ ಭಾಗ ತೆಗೆಯುವುದು) ಆಗಿ ಮೂರು ವಾರ, ಮೂಡಿಗೆರೆಯ ಮನೆಯಲ್ಲಿ ಎಲ್ಲರ ಜೊತೆ ಬೆಲ್ಲದ ಕಾಫಿ ಕುಡಿಯಬಹುದಾ ಅಂತ ಕೇಳಿದ್ದೀರಿ. ತೋಟದ ಮನೆಯಲ್ಲಿ ಬೆಳಗ್ಗೆ ಆ ಘಮ ತಡೆಯುವುದು ಕಷ್ಟ, ಅಲ್ವಾ? ಆದರೂ ಈಗಲೇ ಬೇಡ. ಹೊಟ್ಟೆ ಇನ್ನೂ ಮಾಯುತ್ತಿರುತ್ತದೆ, ಕಾಫಿಯಿಂದ ಎದೆಯುರಿ ಬರಬಹುದು. ಸಾಮಾನ್ಯವಾಗಿ ಒಂದು ತಿಂಗಳಾದರೂ ಕಾಯಿರಿ ಅನ್ನುತ್ತಾರೆ, ಕೆಲವು ಡಾಕ್ಟರು ಇನ್ನೂ ಜಾಸ್ತಿ. ನಿಮ್ಮ ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಆಗಲೂ ಬೆಲ್ಲ ಬಿಡಿ. ಬೆಲ್ಲವೂ ಸಕ್ಕರೆಯೇ. ಬೇಗ ಕರುಳಿಗೆ ಇಳಿದರೆ ಬೆವರು, ತಲೆಸುತ್ತು, ಭೇದಿ ಆಗಬಹುದು. ಕೆನೆ ತೆಗೆದ ಹಾಲು, ತೆಳು ಡಿಕಾಕ್ಷನ್, ಅರ್ಧ ಲೋಟ, ಗುಟುಕು ಗುಟುಕಾಗಿ ಸಾಕು. ಊಟವಾಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಕಬ್ಬಿಣದ ಮಾತ್ರೆಯನ್ನು ಮಾತ್ರ ಕಾಫಿ ಜೊತೆ ನುಂಗಬೇಡಿ, ಸರಿಯಾಗಿ ಮೈಗೆ ಹತ್ತುವುದಿಲ್ಲ. ಸೋಡಾ ಬೇಡವೇ ಬೇಡ. ಸದ್ಯಕ್ಕೆ ನೀರು, ತೆಳು ಮಜ್ಜಿಗೆ ಕುಡಿಯುತ್ತಿರಿ.