ಪೆನ್ಸಿಲ್ವೇನಿಯಾದ ‘ಡಚ್ಚರು’ ಯಾವ ಊರಿನವರು?

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಪೆನ್ಸಿಲ್ವೇನಿಯಾದಲ್ಲಿ ಕುದುರೆಗಾಡಿಯಲ್ಲಿ ಓಡಾಡುವ ಆಮಿಷ್ ಎಂಬ ಕ್ರೈಸ್ತ ಪಂಥದ ಜನರನ್ನು ನೋಡಿದೆವು. ಅವರಿಗೆ ‘ಪೆನ್ಸಿಲ್ವೇನಿಯಾ ಡಚ್’ ಅನ್ನುತ್ತಾರೆ. ಆದರೆ ಮನೆಯಲ್ಲಿ ಆಡುವುದು ಜರ್ಮನ್ ಅಂತೆ. ಜರ್ಮನರು ತಮ್ಮನ್ನು ‘ಡಾಯ್ಚ್’ ಅನ್ನುವುದನ್ನು ಅಮೆರಿಕದವರು ತಪ್ಪಾಗಿ ಕೇಳಿಸಿಕೊಂಡು ‘ಡಚ್’ ಮಾಡಿದರು ಎಂದು ನಮ್ಮ ಗೈಡ್ ಹೇಳಿದ. ನಿಜವೇ?

ಉತ್ತರ: ನಿಜವಲ್ಲ. ಈ ಕಥೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಗೈಡ್‌ಗಳು ಹೇಳುತ್ತಲೇ ಇದ್ದಾರೆ, ಓದುಗರು ಕೇಳುತ್ತಲೇ ಇದ್ದಾರೆ. ಹಾಗಾಗಿ ಈ ಸಲ ಜಾಗವೆಲ್ಲ ಇದಕ್ಕೇ.

ಯಾರೂ ತಪ್ಪಾಗಿ ಕೇಳಿಸಿಕೊಂಡಿಲ್ಲ. ಅವರು ಅಮೆರಿಕಕ್ಕೆ ವಲಸೆ ಬಂದ ಕಾಲದ ಇಂಗ್ಲಿಷಿನಲ್ಲಿ ಜರ್ಮನ್ ಆಡುವವರಿಗೆ ಇದ್ದ ಹೆಸರೇ ಡಚ್. ಇವತ್ತಿನ ಜರ್ಮನಿಯವರು, ನೆದರ್ಲೆಂಡ್ಸಿನವರು ಎಲ್ಲರೂ ಅದರಲ್ಲಿ ಸೇರಿದ್ದರು. ಬೇರೆ ಮಾಡಿ ಹೇಳಬೇಕಾದಾಗ ‘ಹೈ ಡಚ್’, ‘ಲೋ ಡಚ್’ ಅನ್ನುತ್ತಿದ್ದರು. ಇದು ಮೇಲು ಕೀಳಿನ ಮಾತಲ್ಲ. ದಕ್ಷಿಣದ ಬೆಟ್ಟದ ಸೀಮೆಯವರು ಹೈ, ಸಮುದ್ರದ ಕಡೆಯ ತಗ್ಗು ಬಯಲಿನವರು ಲೋ. ನಾವು ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು ಅನ್ನುತ್ತೇವಲ್ಲ, ಹಾಗೆ.

ಪದದ ಬೇರು ಇನ್ನೂ ಚೆನ್ನಾಗಿದೆ. ಹಳೆಯ ಇಂಗ್ಲಿಷಿನಲ್ಲಿ ‘ಥೇಓದ್’ ಅಂದರೆ ಜನ. ‘ಥೇಓದಿಸ್ಕ್’ ಅಂದರೆ ಜನರದ್ದು. ಪಾದ್ರಿಗಳದ್ದು ಲ್ಯಾಟಿನ್, ಉಳಿದವರದ್ದು ಜನರ ಮಾತು. ನಮ್ಮಲ್ಲಿ ಸಂಸ್ಕೃತದ ಎದುರು ದೇಸಿ ನಿಂತ ಹಾಗೆ. ಇದರ ಲ್ಯಾಟಿನ್ ರೂಪ ಮೊದಲು ಸಿಗುವುದು 786ರ ಒಂದು ವರದಿಯಲ್ಲಿ. ಇಂಗ್ಲೆಂಡಿನಲ್ಲಿ ನಡೆದ ಚರ್ಚ್ ಸಭೆಯ ತೀರ್ಮಾನಗಳನ್ನು ಎಲ್ಲರಿಗೂ ತಿಳಿಯಲೆಂದು ಲ್ಯಾಟಿನ್ನಿನಲ್ಲೂ ‘ಥಿಯೋದಿಸ್ಕೆ’ಯಲ್ಲೂ ಓದಿ ಹೇಳಲಾಯಿತು ಎಂದು ಪೋಪ್ ಹೇಡ್ರಿಯನ್ ಅವರಿಗೆ ಬರೆದ ಒಕ್ಕಣೆ ಅದು. ಅಂದರೆ ಅಲ್ಲಿ ಆ ಪದ ಸೂಚಿಸಿದ್ದು ಹಳೆಯ ಇಂಗ್ಲಿಷನ್ನೇ! ಡಾಯ್ಚ್, ಡಚ್, ಇಟಲಿಯವರು ಜರ್ಮನರಿಗೆ ಹೇಳುವ ‘ತೆದೆಸ್ಕೊ’, ಎಲ್ಲ ಇದೇ ಬಳ್ಳಿಯ ಕಾಯಿಗಳು.

ಹಾಗಾದರೆ ಅರ್ಥ ಯಾಕೆ ಕಿರಿದಾಯಿತು? 1581ರಲ್ಲಿ ನೆದರ್ಲೆಂಡ್ಸಿನ ಉತ್ತರದ ಪ್ರಾಂತ್ಯಗಳು ಸ್ಪೇನಿನ ದೊರೆಯನ್ನು ಬಿಟ್ಟವು. 1648ರಲ್ಲಿ ಅವು ಬೇರೆ ದೇಶವೆಂದು ಸ್ಪೇನ್ ಕೂಡ ಒಪ್ಪಿತು. ಇಂಗ್ಲಿಷರಿಗೆ ವ್ಯಾಪಾರ, ಪೈಪೋಟಿ, ಜಗಳ ಎಲ್ಲ ಜಾಸ್ತಿ ಇದ್ದಿದ್ದು ಇವರ ಜೊತೆಗೇ. 1652ರಿಂದ 1674ರ ಒಳಗೆ ಮೂರು ಸಮುದ್ರಯುದ್ಧಗಳಾದವು. ದಿನಾ ಎದುರಾಗುವ ಡಚ್ಚರು ಇವರೇ ಆದಾಗ ಹೆಸರು ಇವರಿಗೇ ಅಂಟಿತು. ಉಳಿದವರಿಗೆ ಲ್ಯಾಟಿನ್ ಪುಸ್ತಕಗಳಲ್ಲಿದ್ದ ‘ಜರ್ಮನ್’ ಬಳಕೆಗೆ ಬಂತು.

ಆದರೆ ಹಳೆಯ ಅರ್ಥ ರಾತ್ರೋರಾತ್ರಿ ಸಾಯುವುದಿಲ್ಲ, ಅಲ್ವಾ? 1683ರಲ್ಲಿ ಫಿಲಡೆಲ್ಫಿಯಾದ ಪಕ್ಕ ಜರ್ಮನ್‌ಟೌನ್ ಶುರುವಾಯಿತು. ಮುಂದಿನ ನೂರು ವರ್ಷ ರೈನ್ ನದಿಯ ಪಾಲಟಿನೇಟ್ ಸೀಮೆಯಿಂದ ಸಾವಿರಾರು ಜನ ಬಂದರು. ಅಕ್ಕಪಕ್ಕದ ಇಂಗ್ಲಿಷರು ಅವರನ್ನು ಹಳೆಯ ವಾಡಿಕೆಯಂತೆ ಡಚ್ಚರು ಎಂದೇ ಕರೆದರು. ಅವರು ತಮ್ಮ ಮಾತಿಗೆ ‘ಡೈಚ್’ ಅನ್ನುತ್ತಾರೆ. ಎರಡೂ ಒಂದೇ ಥರ ಕೇಳಿಸುವುದು ನೆಂಟಸ್ತನದಿಂದ, ಕಿವಿಯ ದೋಷದಿಂದಲ್ಲ. ಇನ್ನೊಂದು ಮಾತು: ಇವರೆಲ್ಲ ಆಮಿಷರಲ್ಲ. ಆಗ ಬಂದವರಲ್ಲಿ ಲೂಥರನ್, ರಿಫಾರ್ಮ್ಡ್ ಪಂಥದವರೇ ಹೆಚ್ಚು.

ಇನ್ನೂ ಅನುಮಾನವಿದ್ದರೆ ನೆದರ್ಲೆಂಡ್ಸಿನ ರಾಷ್ಟ್ರಗೀತೆ ಕೇಳಿ. ಸ್ಪೇನಿನ ವಿರುದ್ಧದ ದಂಗೆಯ ನಾಯಕ ಆರೆಂಜಿನ ವಿಲಿಯಂ ಅದರ ಶುರುವಿನಲ್ಲೇ ‘ನಾನು ಡೌಟ್ಸ್ ರಕ್ತದವನು’ ಅನ್ನುತ್ತಾನೆ. ಅವನು ಹುಟ್ಟಿದ್ದು ಜರ್ಮನಿಯ ಡಿಲೆನ್‌ಬರ್ಗಿನಲ್ಲಿ, 1533ರಲ್ಲಿ. ಇವತ್ತಿನ ಡಚ್ಚರಿಗೆ ‘ಡೌಟ್ಸ್’ ಅಂದರೆ ಜರ್ಮನ್. ತಮ್ಮ ಭಾಷೆಗೆ ಅವರು ‘ನೇಡರ್‌ಲಾಂಡ್ಸ್’ ಅನ್ನುತ್ತಾರೆ.

ನಮ್ಮ ‘ಪರಂಗಿ’ಯನ್ನೇ ನೋಡಿ. ಮೂಲದಲ್ಲಿ ಅದು ಫ್ರಾಂಕರು ಎಂಬ ಜರ್ಮನಿಕ್ ಬುಡಕಟ್ಟಿನ ಹೆಸರು. ಅರಬ್ಬರ, ಪರ್ಶಿಯನ್ನರ ಬಾಯಲ್ಲಿ ಯುರೋಪಿನವರೆಲ್ಲರಿಗೂ ಅದೇ ಹೆಸರಾಯಿತು. ನಮ್ಮಲ್ಲಿ ಬಿಳಿಯರೆಲ್ಲ ಪರಂಗಿಗಳಾದರು, ಅವರು ತಂದ ಹಣ್ಣೂ ಪರಂಗಿಯಾಯಿತು. ಪರಂಗಿ ಹಣ್ಣು ಅನ್ನುವವರು ತಪ್ಪಾಗಿ ಕೇಳಿಸಿಕೊಂಡವರು ಎಂದು ಯಾರಾದರೂ ಹೇಳಿದರೆ ಒಪ್ಪುತ್ತೀರಾ?

ಪ್ರಶ್ನೆ: ಡಾಯ್ಚ್ ಅಂದರೆ ‘ದೈತ್ಯ’, ಜರ್ಮನಿ ಅಂದರೆ ‘ಶಾರ್ಮಣ್ಯ’ ಎಂದು ವಾಟ್ಸಾಪ್‌ನಲ್ಲಿ ಬಂದಿದೆ.

ಉತ್ತರ: ಅಳಿಸಿಬಿಡಿ. ಮ್ಯಾಕ್ಸ್ ಮುಲ್ಲರ್ ತಾವು ಮುದ್ರಿಸಿದ ಋಗ್ವೇದದ ಮೊದಲ ಪುಟಕ್ಕಾಗಿ ತಮ್ಮ ಹೆಸರನ್ನು ‘ಮೋಕ್ಷಮೂಲರ’, ಆಕ್ಸ್‌ಫರ್ಡನ್ನು ‘ಗೋತೀರ್ಥ’, ಜರ್ಮನಿಯನ್ನು ‘ಶಾರ್ಮಣ್ಯದೇಶ’ ಎಂದು ಸಂಸ್ಕೃತಕ್ಕೆ ತಿರುಗಿಸಿದ್ದರು. ಅದನ್ನು ಹಿಡಿದು ಇತಿಹಾಸ ಹೊಸೆಯುವವರು ಮಕ್ಕಳ ತಲೆ ಕೆಡಿಸುತ್ತಿದ್ದಾರೆ. ದೈತ್ಯರ ಕಥೆಗಂತೂ ಒಂದು ಎಳೆಯಷ್ಟೂ ಆಧಾರವಿಲ್ಲ.

ಪ್ರಶ್ನೆ: ನಿಘಂಟಿನ ಕಿಟೆಲ್ ಡಚ್ಚರೇ?

ಉತ್ತರ: ಜರ್ಮನರು. ಅವರು ಹುಟ್ಟಿದ ಪೂರ್ವ ಫ್ರೀಸ್‌ಲ್ಯಾಂಡ್ ನೆದರ್ಲೆಂಡ್ಸಿನ ಗಡಿಗೆ ತಾಗಿದೆ, ಅಷ್ಟೇ.

ಪ್ರಶ್ನೆ: ಹಾಲೆಂಡ್, ನೆದರ್ಲೆಂಡ್ಸ್ ಎರಡೂ ಒಂದೇ ತಾನೇ?

ಉತ್ತರ: ಅಲ್ಲ. ದೇಶದ 12 ಪ್ರಾಂತ್ಯಗಳಲ್ಲಿ ಎರಡಕ್ಕೆ ಮಾತ್ರ ಹಾಲೆಂಡ್ ಎಂದು ಹೆಸರು.

ಪ್ರಶ್ನೆ: ಜರ್ಮನ್ ಭಾಷೆಯ ಬಿ1 ಹಂತ ಮುಗಿಸಿದ್ದೇನೆ. ಬಯೋಡೇಟಾದಲ್ಲಿ ‘ಡಚ್’ ಎಂದು ಹಾಕಬಹುದೇ? ಮೂಲ ಒಂದೇ ಅಲ್ಲವೇ?

ಉತ್ತರ: ದಯವಿಟ್ಟು ಬೇಡ. ನನ್ನ ಹತ್ತಿರ ಕಲಿತ ಹುಡುಗಿಯೊಬ್ಬಳು ಹೀಗೇ ಬರೆದಿದ್ದಳು. ಸಂದರ್ಶನದಲ್ಲಿ ಆಮ್ಸ್ಟರ್‌ಡ್ಯಾಮಿನಿಂದ ಫೋನಿಗೆ ಬಂದವರು ಡಚ್ ಭಾಷೆಯಲ್ಲೇ ಮಾತು ಶುರು ಮಾಡಿದರು. ಎರಡು ನಿಮಿಷ ಸುಮ್ನೆ ಕೂತಿದ್ದಳು, ಕೆಲಸ ಕೈತಪ್ಪಿತು. ಬಯೋಡೇಟಾದಲ್ಲಿ ‘ಜರ್ಮನ್’ ಎಂದೇ ಬರೆಯಿರಿ.