ಗೋಡೆ ತುಂಬ ಬೂಷ್ಟು, ಮಾಲೀಕರು ಕೇಳುತ್ತಿಲ್ಲ

ಪ್ರಶ್ನೆ: ಎಂ.ಎಸ್ಸಿ. ಓದಲು ಇಂಗ್ಲೆಂಡಿಗೆ ಬಂದಿದ್ದೇನೆ. ಒಂದೇ ಮನೆಯಲ್ಲಿ ಆರು ಜನ ಬಾಡಿಗೆಗಿದ್ದೇವೆ. ಅಡುಗೆಮನೆ, ಬಚ್ಚಲು ಎಲ್ಲರಿಗೂ ಒಂದೇ. ನನ್ನ ಕೋಣೆಯ ಗೋಡೆಯಲ್ಲಿ ಕಪ್ಪು ಬೂಷ್ಟು. ಮಾಲೀಕರು ‘ನೀವು ಒಳಗೆ ಬಟ್ಟೆ ಒಣಗಿಸ್ತೀರಿ, ಅದಕ್ಕೇ’ ಅನ್ನುತ್ತಾರೆ. ಕೌನ್ಸಿಲ್‌ಗೆ (ಇಲ್ಲಿನ ಸ್ಥಳೀಯ ಆಡಳಿತಕ್ಕೆ) ದೂರು ಕೊಟ್ಟರೆ ಮನೆ ಬಿಡಿಸುತ್ತಾರಾ? ವೀಸಾಕ್ಕೆ ತೊಂದರೆಯಾ?
– ಹಾಸನದ ವಿದ್ಯಾರ್ಥಿ, ಲೆಸ್ಟರ್

ಉತ್ತರ: ಇಲ್ಲಿನ ಒಂದು ಕೌನ್ಸಿಲ್‌ನಲ್ಲಿ ಬಾಡಿಗೆ ಮನೆಗಳ ತಪಾಸಣೆ ಮಾಡುತ್ತಿದ್ದವಳು ನಾನು. ಬಟ್ಟೆಯ ಕಥೆ ಕೇಳಿ ಕೇಳಿ ಸಾಕಾಗಿದೆ!

ಅಧಿಕಾರಿ ಬಂದರೆ ಬೀರು ಸರಿಸಿ ಹಿಂದೆ ಟಾರ್ಚ್ ಬಿಡುತ್ತಾರೆ. ಎರಡು ಮೊಳೆಯಂಥ ಮುಳ್ಳಿರುವ ಮೀಟರನ್ನು ಗೋಡೆಗೆ ಚುಚ್ಚಿ ತೇವ ಅಳೆಯುತ್ತಾರೆ. ಬಚ್ಚಲಿನ ಫ್ಯಾನ್‌ಗೆ ಟಿಶ್ಯೂ ಪೇಪರ್ ಹಿಡಿಯುತ್ತಾರೆ. ಪೇಪರ್ ಕೆಳಗೆ ಬಿತ್ತೋ, ಫ್ಯಾನ್ ಸುಮ್ನೆ ಸದ್ದು ಮಾಡುತ್ತಿದೆ ಅಷ್ಟೆ, ಗಾಳಿ ಎಳೆಯುತ್ತಿಲ್ಲ. ನಾವು ಬರುವುದು ಗೊತ್ತಾದ ಕೂಡಲೇ ಪೇಂಟ್ ಬಳಿಸಿದ ಮಾಲೀಕರೂ ಇದ್ದರು. ಪೇಂಟ್ ಬಳಿದರೆ ತೇವ ಹೋಗುತ್ತದಾ?

ತಪಾಸಣೆಯಲ್ಲಿ ಅಪಾಯ ‘ಕೆಟಗರಿ ಒಂದು’, ಅಂದರೆ ಅತಿ ಗಂಭೀರ, ಅಂತ ಬಂದರೆ ಕೌನ್ಸಿಲ್ ಕ್ರಮ ತೆಗೆದುಕೊಳ್ಳಲೇಬೇಕು. 2004ರ ಹೌಸಿಂಗ್ ಆಕ್ಟ್‌ನಲ್ಲೇ ಅದಿದೆ. ಸಾಮಾನ್ಯವಾಗಿ ಇಂಥ ದಿನದೊಳಗೆ ಸರಿಮಾಡಿ ಅಂತ ಮಾಲೀಕರಿಗೆ ನೋಟಿಸ್ ಹೋಗುತ್ತದೆ.

ನಿಮ್ಮ ಪತ್ರದಲ್ಲಿ ಬೂಷ್ಟಿಗಿಂತ ನನ್ನ ಕಣ್ಣಿಗೆ ಬಿದ್ದದ್ದು ‘ಆರು ಜನ’. ಬೇರೆ ಬೇರೆ ಕುಟುಂಬದ ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಅಡುಗೆಮನೆ, ಬಚ್ಚಲು ಹಂಚಿಕೊಂಡರೆ ಆ ಮನೆಗೆ ಎಚ್‌ಎಂಒ (ಹಲವು ಕುಟುಂಬದವರು ಹಂಚಿಕೊಂಡಿರುವ ಮನೆ) ಲೈಸೆನ್ಸ್ ಬೇಕು. ಲೈಸೆನ್ಸ್ ಪಟ್ಟಿ ಕೌನ್ಸಿಲ್‌ನಲ್ಲಿರುತ್ತದೆ, ಯಾರು ಬೇಕಾದರೂ ನೋಡಬಹುದು. ಮೊದಲು ಅದನ್ನು ನೋಡಿ. ನಿಮ್ಮ ಮನೆ ಅದರಲ್ಲಿ ಇಲ್ಲದಿದ್ದರೆ ಮಾಲೀಕರಿಗೆ ಸಾವಿರಾರು ಪೌಂಡ್ ದಂಡ ಬೀಳಬಹುದು. ಕಟ್ಟಿದ ಬಾಡಿಗೆ ವಾಪಸ್ ಕೊಡಿಸಿ ಅಂತ ನೀವು ಟ್ರಿಬ್ಯುನಲ್‌ಗೂ ಹೋಗಬಹುದು. ಒಂದು ಕೋಣೆಯಲ್ಲಿ ಒಬ್ಬರು ಮಲಗಲು ಕಡಿಮೆಯೆಂದರೂ 6.51 ಚದರ ಮೀಟರ್ ಇರಬೇಕು. ನಿಮ್ಮದನ್ನೂ ಅಳೆದು ನೋಡಿ.

ಮನೆ ಬಿಡಿಸುವ ಭಯವೇ? ಕಾರಣ ಹೇಳದೆ ಖಾಲಿ ಮಾಡಿಸುವ ‘ಸೆಕ್ಷನ್ 21’ ನೋಟಿಸನ್ನು 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆ (ರೆಂಟರ್ಸ್ ರೈಟ್ಸ್ ಆಕ್ಟ್) ತೆಗೆದುಹಾಕಿದೆ, 2026ರ ಮೇ 1ರಿಂದ ಅನ್ವಯ. ಆದರೆ ಮಾಲೀಕರೂ ಅದೇ ಮನೆಯಲ್ಲಿದ್ದರೆ ಈ ರಕ್ಷಣೆ ಸಿಗದು. ಇನ್ನು ವೀಸಾ: ದೂರು ಕೊಟ್ಟ ಮಾತ್ರಕ್ಕೆ ವೀಸಾಕ್ಕೆ ಏನೂ ಆಗುವುದಿಲ್ಲ.

ಇವತ್ತೇ ಫೋಟೊ ಸಮೇತ ಮಾಲೀಕರಿಗೆ ಇಮೇಲ್ ಕಳಿಸಿ. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ, ಅಲ್ವಾ? ಉತ್ತರ ಬಾರದಿದ್ದರೆ ಅದೇ ಇಮೇಲನ್ನು ಕೌನ್ಸಿಲ್‌ಗೆ ಕಳಿಸಿ. ಸಿಟ್ಟಿನಲ್ಲಿ ಬಾಡಿಗೆ ಮಾತ್ರ ನಿಲ್ಲಿಸಬೇಡಿ. ಬಾಕಿ ಬಿದ್ದರೆ ಮನೆ ಬಿಡಿಸಲು ಅವರಿಗೆ ನೀವೇ ಕಾರಣ ಕೊಟ್ಟಂತಾಗುತ್ತದೆ.