ಬಂದು ಹೋದ ಕೋವಿಡ್ ಮತ್ತೆ ಬರುತ್ತದೆಯೇ?

ಪ್ರಶ್ನೆ: 2021ರ ಎರಡನೇ ಅಲೆಯಲ್ಲಿ ನನಗೆ ಕೋವಿಡ್ ಬಂದು ವಾಸಿಯಾಯಿತು. ಆಮೇಲೆ ಎರಡು ಡೋಸ್ ಲಸಿಕೆಯೂ ಆಗಿದೆ. ಈಗ ಮಗಳಿಗೆ ಪಾಸಿಟಿವ್. ‘ನಿಮಗೆ ಬಂದು ಹೋಗಿದೆಯಲ್ಲ, ನೀವೇ ನೋಡಿಕೊಳ್ಳಿ’ ಎನ್ನುತ್ತಾರೆ ಮನೆಯವರು. ನನಗೆ ಮತ್ತೆ ಬರುವುದಿಲ್ಲವೇ?
– ಓದುಗರು, ಬಸವನಗುಡಿ

ಉತ್ತರ: ಬರಬಹುದು. ಮಗಳ ಆರೈಕೆ ನೀವೇ ಮಾಡಿ, ಆದರೆ ಇಬ್ಬರೂ ಮಾಸ್ಕ್ ಹಾಕಿ, ಕೋಣೆಯ ಕಿಟಕಿ ತೆರೆದಿಡಿ. ಎನ್-95 ಇದ್ದರೆ ಒಳ್ಳೆಯದು. ಮೂಗಿನ ಪಕ್ಕ ಗಾಳಿ ಸೋರುತ್ತಿದ್ದರೆ ಅದೂ ದಂಡ.

ದಡಾರ ಒಮ್ಮೆ ಬಂದರೆ ಸಾಮಾನ್ಯವಾಗಿ ಜನ್ಮಕ್ಕೆ ಮುಗಿಯಿತು. ಆ ಲೆಕ್ಕವನ್ನು ಕೋವಿಡ್‌ಗೂ ಹಾಕಿದ್ದರಿಂದ ಈ ಗೊಂದಲ. ನೆಗಡಿ ತರುವ ಕೊರೊನಾ ವೈರಸ್‌ಗಳು ನಾಲ್ಕಿವೆ. ಅವು ಒಬ್ಬರಿಗೇ ಹಲವು ಸಲ ಬರುತ್ತವೆ. ಕೋವಿಡ್ ವೈರಸ್ ಅವುಗಳ ದಾಯಾದಿ. ಜೀನ್ ವಿಶ್ಲೇಷಣೆಯಿಂದ ಖಚಿತವಾದ ಮೊದಲ ಮರುಸೋಂಕು ವರದಿಯಾದದ್ದು 2020ರ ಆಗಸ್ಟ್‌ನಲ್ಲಿ, ಹಾಂಗ್‌ಕಾಂಗ್‌ನ 33 ವರ್ಷದವರೊಬ್ಬರಲ್ಲಿ. ಎರಡು ಸೋಂಕುಗಳ ನಡುವಿನ ಅಂತರ 142 ದಿನ. ಎರಡನೆಯ ಸಲ ಅವರಿಗೆ ಕೆಮ್ಮೂ ಇರಲಿಲ್ಲ, ಜ್ವರವೂ ಇರಲಿಲ್ಲ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಗೊತ್ತಾಯಿತು.

ಆ ವಿವರದಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ಮೂಗು, ಗಂಟಲಲ್ಲಿ ವೈರಸ್ಸನ್ನು ಬಾಗಿಲಲ್ಲೇ ತಡೆಯುವ ಪ್ರತಿಕಾಯಗಳು (ಆಂಟಿಬಾಡಿ) ಕೆಲವು ತಿಂಗಳಲ್ಲಿ ಇಳಿದುಹೋಗುತ್ತವೆ. ರೋಗವನ್ನು ನೆನಪಿಟ್ಟುಕೊಂಡ ಬಿ ಮತ್ತು ಟಿ ಕೋಶಗಳು ಮಾತ್ರ ಬಹುಕಾಲ ಉಳಿಯುತ್ತವೆ. ಹಾಗಾಗಿ ಸೋಂಕು ಒಳಗೆ ಬಂದರೂ ಶ್ವಾಸಕೋಶಕ್ಕೆ ಇಳಿಯುವ ಸಂಭವ ಕಡಿಮೆ. ಇನ್ನೊಂದು ಕಡೆ ವೈರಸ್ ತನ್ನ ಮೈಮೇಲಿನ ಮುಳ್ಳಿನಂಥ ಸ್ಪೈಕ್ ಪ್ರೋಟೀನನ್ನು ಬದಲಿಸುತ್ತಲೇ ಇರುತ್ತದೆ. ಒಮಿಕ್ರಾನ್‌ನ ಸ್ಪೈಕ್‌ನಲ್ಲಿ 30ಕ್ಕೂ ಹೆಚ್ಚು ಬದಲಾವಣೆಗಳಿದ್ದವು. ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು 2021ರ ಡಿಸೆಂಬರ್ 2ರಂದು ಪ್ರಕಟವಾದದ್ದು ನಮ್ಮ ಬೆಂಗಳೂರಿನಿಂದಲೇ. ನೀವು ಎದುರಿಸಿದ್ದು ಬಹುಶಃ ಡೆಲ್ಟಾ. ಈಗಿನದು ಅದಲ್ಲ.

60 ದಾಟಿದವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಕಿಮೋಥೆರಪಿ ನಡೆಯುತ್ತಿರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು ‘ಎರಡನೇ ಸಲ ಹಗುರ’ ಎಂದು ಕೂರಬಾರದು. ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ಯಾರೇ ಆಗಲಿ ವೈದ್ಯರ ಬಳಿ ಹೋಗಬೇಕು. ತಣ್ಣಗಿನ ಬೆರಳು, ಉಗುರುಬಣ್ಣ ಇದ್ದರೆ ತಪ್ಪು ಅಂಕಿ ಬರುತ್ತದೆ: ಐದು ನಿಮಿಷ ಸುಮ್ಮನೆ ಕೂತು, ಕೈ ಬೆಚ್ಚಗೆ ಮಾಡಿಕೊಂಡು ಮತ್ತೆ ನೋಡಿ.

ಪ್ರಶ್ನೆ: ವಾಸಿಯಾಗಿ ಐದು ವಾರ ಆಯಿತು. ಕಾರ್ಖಾನೆಯಲ್ಲಿ ನೆಗೆಟಿವ್ ರಿಪೋರ್ಟ್ ಕೇಳಿದರು. ಆರ್‌ಟಿ-ಪಿಸಿಆರ್ ಮಾಡಿಸಿದರೆ ಮತ್ತೆ ಪಾಸಿಟಿವ್! ಎರಡನೇ ಸೋಂಕೇ?
– ಓದುಗರು, ಪೀಣ್ಯ

ಉತ್ತರ: ಜ್ವರ, ಕೆಮ್ಮು ಹೊಸದಾಗಿ ಶುರುವಾಗಿಲ್ಲವಾದರೆ ಬಹುಮಟ್ಟಿಗೆ ಅಲ್ಲ. ಪಿಸಿಆರ್ ಹುಡುಕುವುದು ವೈರಸ್‌ನ ಆರ್‌ಎನ್‌ಎ ತುಣುಕನ್ನು. ಸತ್ತ ವೈರಸ್‌ನ ಚೂರುಗಳು ಕೆಲವರ ಮೂಗಿನಲ್ಲಿ ಹನ್ನೆರಡು ವಾರಗಳವರೆಗೂ ಸಿಗುತ್ತವೆ. ಅದಕ್ಕೇ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ತನ್ನ ಅಧ್ಯಯನಕ್ಕೆ ಒಂದು ಅಳತೆ ಇಟ್ಟುಕೊಂಡಿತು: ಎರಡು ಪಾಸಿಟಿವ್‌ಗಳ ನಡುವೆ ಕನಿಷ್ಠ 102 ದಿನ, ಮಧ್ಯೆ ಒಂದು ನೆಗೆಟಿವ್. 1300 ಜನರ ದಾಖಲೆ ಜಾಲಾಡಿದಾಗ ಆ ಅಳತೆಗೆ ಸಿಕ್ಕವರು 58. ಇದು ಒಮಿಕ್ರಾನ್‌ಗೆ ಮುಂಚಿನ ಮಾತು. ಇಂದಿನ ಲೆಕ್ಕಕ್ಕೆ ಬಳಸಬೇಡಿ. ಹೊಸ ತಳಿ ಹರಡುವಾಗ 102 ದಿನಕ್ಕೆ ಮೊದಲೇ ಮರುಸೋಂಕು ಆದದ್ದೂ ಉಂಟು.

ನೆಗೆಟಿವ್ ರಿಪೋರ್ಟ್‌ಗೆ ಹಟ ಹಿಡಿಯುವುದೇ ಇಲ್ಲಿ ತಪ್ಪು. ಹೊಸ ಲಕ್ಷಣವಿದ್ದರೆ ಮನೆಯ ಆಂಟಿಜೆನ್ ಕಿಟ್ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ವೈರಸ್ ಹೇರಳವಾಗಿದ್ದಾಗಲೇ ಅದು ಗೆರೆ ತೋರಿಸುತ್ತದೆ. ಸಾಮಾನ್ಯ ಕಿಟ್‌ಗಳ ಕ್ರಮ ಹೀಗೆ: ಕಡ್ಡಿಯನ್ನು ಮೂಗಿನೊಳಗೆ 2ರಿಂದ 4 ಸೆಂ.ಮೀ. ಇಳಿಸಿ, ಪ್ರತಿ ಹೊಳ್ಳೆಯಲ್ಲಿ ಐದು ಸುತ್ತು ತಿರುಗಿಸಿ, ದ್ರಾವಣದ ಟ್ಯೂಬಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಎರಡು ಹನಿಯನ್ನು ಕಿಟ್‌ನ ಗುಳಿಗೆ ಹಾಕಿ, 15 ನಿಮಿಷಕ್ಕೆ ನೋಡಿ. 20 ನಿಮಿಷದ ಮೇಲೆ ಮೂಡಿದ ಮಸುಕು ಗೆರೆಗೆ ಬೆಲೆಯಿಲ್ಲ. ಪರೀಕ್ಷೆ ಸರಿಯಾಗಿ ನಡೆದಿದೆ ಎಂದು ತೋರಿಸುವ ‘ಸಿ’ (ಕಂಟ್ರೋಲ್) ಗೆರೆಯೇ ಬರದಿದ್ದರೆ ಆ ಕಿಟ್ ಕೆಟ್ಟಿದೆ. ಗಂಟಲು ಕೆರೆತ ಶುರುವಾದ ದಿನವೇ ಮಾಡಿದರೆ ಸುಳ್ಳು ನೆಗೆಟಿವ್ ಬರುವುದು ಹೆಚ್ಚು. 48 ಗಂಟೆ ಬಿಟ್ಟು ಮತ್ತೊಮ್ಮೆ ಮಾಡಿ. ಹನಿ, ಸಮಯ ಕಿಟ್‌ನಿಂದ ಕಿಟ್‌ಗೆ ಬೇರೆ, ಒಳಗಿನ ಚೀಟಿ ಓದಿ.

ಪ್ರಶ್ನೆ: ಆಂಟಿಬಾಡಿ ಟೆಸ್ಟ್ ಮಾಡಿಸಿದರೆ ಧೈರ್ಯವಾಗಿ ಓಡಾಡಬಹುದೇ?
– ಓದುಗರು, ಕೆಂಗೇರಿ

ಉತ್ತರ: ದುಡ್ಡು ಉಳಿಸಿ. ಇಷ್ಟು ಅಂಕಿ ಇದ್ದರೆ ಸೋಂಕು ತಾಗದು ಎಂಬ ಗಡಿಯೇ ಇಲ್ಲ. ಕೋವಿಶೀಲ್ಡ್ ಪಡೆದವರಲ್ಲಿ ಲಸಿಕೆಯಿಂದಲೇ ಸ್ಪೈಕ್ ಪ್ರತಿಕಾಯ ಬಂದಿರುತ್ತದೆ. ಅವರಿಗೆ ಹಿಂದೆ ಸೋಂಕು ಬಂದಿತ್ತೇ ಎಂದು ತಿಳಿಯಲು ವೈರಸ್‌ನ ಒಳಗಿನ ಪ್ರೋಟೀನ್ ನ್ಯೂಕ್ಲಿಯೊಕ್ಯಾಪ್ಸಿಡ್ ವಿರುದ್ಧದ ಪ್ರತಿಕಾಯ ಹುಡುಕುವ ಪರೀಕ್ಷೆ ಬೇಕು. ಕೋವ್ಯಾಕ್ಸಿನ್‌ನಲ್ಲಿರುವುದು ನಿಷ್ಕ್ರಿಯಗೊಳಿಸಿದ ಇಡೀ ವೈರಸ್ ಆದ್ದರಿಂದ ಅದನ್ನು ಪಡೆದವರಿಗೆ ಆ ಪರೀಕ್ಷೆಯೂ ಗೊಂದಲವೇ.

ಪ್ರಶ್ನೆ: ಡೆಂಗಿ ಒಮ್ಮೆ ಬಂದರೆ ಮತ್ತೆ ಬರುತ್ತದೆಯೇ?
– ಓದುಗರು, ಮಲ್ಲೇಶ್ವರ

ಉತ್ತರ: ಅದು ಇನ್ನೊಂದು ಕಥೆ. ಡೆಂಗಿ ವೈರಸ್ ನಾಲ್ಕು ಬಗೆ. ಒಂದು ಬಗೆ ಬಂದರೆ ಅದರಿಂದ ಮಾತ್ರ ದೀರ್ಘ ರಕ್ಷಣೆ. ಮತ್ತೊಂದು ಬಗೆ ತಗುಲಿದರೆ ಎರಡನೇ ಸಲ ಜೋರಾಗುವ ಅಪಾಯ ಹೆಚ್ಚು. ಮಳೆಗಾಲದ ಜ್ವರವನ್ನು ‘ಕೋವಿಡ್ ಇರಬೇಕು’ ಎಂದು ಐಬುಪ್ರೊಫೆನ್ ನುಂಗಬೇಡಿ. ಪ್ಯಾರಸಿಟಮಾಲ್ ಸಾಕು, ಮೊದಲ ಐದು ದಿನದೊಳಗೆ ಡೆಂಗಿ ಪತ್ತೆಯ ಎನ್‌ಎಸ್-1 ರಕ್ತಪರೀಕ್ಷೆ ಮಾಡಿಸಿ.